ಮೂಗಿಗಿಂತ ಮೂಗುತಿ ಭಾರ

"ಈ ತಂತ್ರಾಂಶ ನಡೆಯಬೇಕಾದರೆ ನಿಮ್ಮ ಆಪರೇಟಿಂಗ್ ಸಿಸ್ಟಮ್ಮನ್ನು ಮೇಲ್ದರ್ಜೆಗೆ ಏರಿಸಿ." ಇಂಥದೊಂದು ವಾಕ್ಯವನ್ನು ಕಂಪ್ಯೂಟರಿನ ಪರದೆಯ ಮೇಲೋ ಕೈಯಲ್ಲಿರುವ ಫೋನಿನ ಮೇಲೋ ನೀವೂ ಕಂಡಿರುತ್ತೀರಿ. ಇಷ್ಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವಳು ನಾನು. ವಾಕ್ಯ ಕಂಡರೆ ಸಾಕು, ಕಣ್ಣು ಮೊದಲು ಕ್ರಿಯಾಪದದ ಮೇಲೆ ಹೋಗುತ್ತದೆ. 'ಏರಿಸಿ' ಎಂಬುದು ವಿಧ್ಯರ್ಥ. ವಿಧ್ಯರ್ಥದಲ್ಲಿ ಅಪ್ಪಣೆಯೂ ಇರಬಹುದು, ಹಾರೈಕೆಯೂ ಇರಬಹುದು, ಕೋರಿಕೆಯೂ ಇರಬಹುದು ಎಂದು ಪಾಠ ಮಾಡುತ್ತೇವೆ. ಹಾಗಾದರೆ ಇಲ್ಲಿರುವುದು ಯಾವುದು? ಒಪ್ಪದಿದ್ದರೆ ನಾಳೆಯಿಂದ ನಿಮ್ಮ ಮಾತು ಯಾರಿಗೂ ತಲಪುವುದಿಲ್ಲ ಎಂದಮೇಲೆ ಅದು ಕೋರಿಕೆಯಂತೂ ಅಲ್ಲ. ಈ ಅಪ್ಪಣೆ ಎಷ್ಟರಮಟ್ಟಿಗೆ ನ್ಯಾಯ ಎಂಬುದೇ ನನ್ನ ಪ್ರಶ್ನೆ.

ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮನೆಯ ವೈರಿಂಗ್ ಎನ್ನುತ್ತೇನೆ. ಗೋಡೆಯೊಳಗೆ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೆ ದೀಪ, ಫ್ಯಾನು, ಮಿಕ್ಸಿ ಎಲ್ಲವೂ ಅದನ್ನೇ ನಂಬಿಕೊಂಡಿವೆ. ವಿಂಡೋಸ್, ಆಂಡ್ರಾಯ್ಡ್, ಆಪಲ್ ಕಂಪನಿಯವರ ಮ್ಯಾಕ್ ಓಎಸ್ ಇವೆಲ್ಲ ಇಂಥ ವೈರಿಂಗುಗಳು. ಸಂದೇಶ ಕಳಿಸುವ ತಂತ್ರಾಂಶವೋ, ಅದಕ್ಕೆ ತಗುಲಿಹಾಕುವ ಒಂದು ಬಲ್ಬು. ಬಲ್ಬು ಕೊಳ್ಳಲು ಹೋದವಳಿಗೆ ಅಂಗಡಿಯವನು "ಮನೆಯ ವೈರಿಂಗ್ ಎಲ್ಲ ಕಿತ್ತು ಹೊಸದು ಹಾಕಿಸಿಕೊಂಡು ಬನ್ನಿ ಅಮ್ಮ" ಎಂದರೆ ಹೇಗಿರುತ್ತದೆ? ವೈರಿಂಗಿನವನನ್ನು ಕರೆಸಿದರೆ ಅವನು ಇನ್ನೂ ಒಂದು ಹೆಜ್ಜೆ ಮುಂದೆ: "ಹೊಸ ವೈರು ಈ ಗೋಡೆಗೆ ಹಿಡಿಯೋದಿಲ್ಲ, ಮನೆಯನ್ನೇ ಬೇರೆ ಕಟ್ಟಿಸಿ." ಉತ್ಪ್ರೇಕ್ಷೆ ಎನ್ನಬೇಡಿ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಕಂಪ್ಯೂಟರಿನೊಳಗೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಇರಲೇಬೇಕು. ಅದಿಲ್ಲದ ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಬೇಡ. ಹಿಂದಿನ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ರಿಪೇರಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಯಾವ ಕಾಲದ್ದೋ, ಹೊಂದುವುದು ಮಾತ್ರ ಈ ಕಾಲಕ್ಕೆ.

ಹೀಗೆಂದು ಹೊಸದೆಲ್ಲ ಕಂಪನಿಯವರ ಕಿತಾಪತಿ ಎಂದು ತಳ್ಳಿಹಾಕುವವಳಲ್ಲ ನಾನು. ನಮ್ಮ ಕನ್ನಡದ ಕಥೆಯನ್ನೇ ನೋಡಿ. ಒಂದು ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಬರೆದು ಇನ್ನೊಬ್ಬರಿಗೆ ಕಳಿಸಿದರೆ, ಅದೇ ಅಕ್ಷರವಿನ್ಯಾಸ ಅವರ ಯಂತ್ರದಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡಕ್ಕೆ ಜಾಗವಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಗೆ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸವೇ ಬಂತು. ಫೋನಿನಲ್ಲೂ ಹಾಗೆಯೇ. ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂಗಳು ಸೇರಿದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚಿನ ಎಷ್ಟೋ ಫೋನುಗಳಲ್ಲಿ ಯುಗಾದಿಯ ಶುಭಾಶಯವೂ ಸಾಲು ಸಾಲು ಚೌಕಗಳಾಗಿಯೇ ಬಂದು ನಿಲ್ಲುತ್ತಿತ್ತು. ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸವನ್ನು ಪ್ರತಿಯೊಂದು ಸಂದೇಶದ ತಂತ್ರಾಂಶವೂ ತಾನೇ ಹೊತ್ತುಕೊಳ್ಳಲಾರದು. ಕೆಳಗಿನ ವೈರಿಂಗ್ ಅದನ್ನು ಮಾಡಿಕೊಡಬೇಕು. ಅಂಥ ಕಡೆ "ಮೇಲ್ದರ್ಜೆಗೆ ಏರಿಸಿ" ಎಂದರೆ ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಕೊಟ್ಟಿದ್ದಕ್ಕೆ ಸರಿಯಾಗಿ ಪಡೆದದ್ದು ಕಣ್ಣಿಗೆ ಕಾಣುತ್ತದೆ.

ಎರಡನೆಯ ಕಾರಣ ಸುರಕ್ಷತೆ. ಇದನ್ನೂ ಹಗುರವಾಗಿ ತೆಗೆದುಕೊಳ್ಳಲಾಗದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು, ರಿಪೇರಿ ಮಾಡಿಸದ ವಿಂಡೋಸ್ ಕಂಪ್ಯೂಟರುಗಳ ಬಿರುಕಿನಿಂದ ನುಗ್ಗಿ ಜಗತ್ತಿನ ಎಷ್ಟೋ ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ನಿಂತಿತು. ಹಳೆಯ ವೈರಿಂಗ್ ಅಪಾಯ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದೇ ಪ್ರಸಂಗದ ಇನ್ನೊಂದು ತುದಿಯನ್ನೂ ನೋಡಬೇಕು. 2014ರ ಏಪ್ರಿಲ್ 8ರಂದೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟಿನವರು ಆಗ ರಿಪೇರಿ ಕೊಟ್ಟರು! ಮನಸ್ಸು ಮಾಡಿದರೆ ಹಳೆಯದನ್ನೂ ಹೊಲಿದುಕೊಡಬಹುದು ಎಂದಾಯಿತಲ್ಲ.

ಇನ್ನು ಮೂರನೆಯದು ವ್ಯಾಪಾರ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಓದಿಕೊಳ್ಳಬೇಕು. ಅಮೆರಿಕದ ಆಪಲ್ ಕಂಪನಿಯವರು 2003ರಲ್ಲಿ ಐಚಾಟ್ ಎವಿ ಎಂಬ ತಂತ್ರಾಂಶ ತಂದರು. ಮುಖ ನೋಡಿಕೊಂಡು ಮಾತನಾಡುವಂಥದು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ಪ್ಯಾಂಥರ್ ಎಂಬ 129 ಡಾಲರಿನ ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೆ ಅದು ಸಿಗುತ್ತಿತ್ತು. ಹಿಂದಿನ ಜಾಗ್ವಾರ್ ಇಟ್ಟುಕೊಂಡವರು ಸುಮಾರು 30 ಡಾಲರ್ ತೆತ್ತು ಅದೊಂದನ್ನೇ ಬೇರೆಯಾಗಿ ಕೊಳ್ಳಬಹುದಿತ್ತು. ವ್ಯಾಪಾರವೇ, ಆದರೆ ಲೆಕ್ಕ ಎದುರಿಗಿತ್ತು. ಬೇಕಾದವರು ಬಲ್ಬನ್ನಷ್ಟೇ ಕೊಂಡರು. 2012ರ ಹೊತ್ತಿಗೆ ಆ ಮರ್ಯಾದೆಯೂ ಹೋಯಿತು. ಫೆಬ್ರವರಿಯಲ್ಲಿ ಮೆಸೇಜಸ್ ಎಂಬ ಹೊಸ ತಂತ್ರಾಂಶದ ಪರೀಕ್ಷಾ ಆವೃತ್ತಿಯನ್ನು ಲಯನ್ ಬಳಸುತ್ತಿದ್ದವರಿಗೆ ಪುಕ್ಕಟೆ ಕೊಟ್ಟರು. ಜುಲೈನಲ್ಲಿ ಮೌಂಟನ್ ಲಯನ್ ಬಂದಾಗ ಪೂರ್ತಿ ಸಿದ್ಧವಾದ ಮೆಸೇಜಸ್ ಅದರಲ್ಲಿ ಮಾತ್ರ ಎಂದರು, ಆಮೇಲೆ ಪರೀಕ್ಷಾ ಆವೃತ್ತಿಯನ್ನು ನಿಲ್ಲಿಸಿಯೂ ಬಿಟ್ಟರು. ಬೆಲೆ 20 ಡಾಲರಿನಷ್ಟೆ, ನಿಜ. ಆದರೆ ಕೆಲವು ಹಳೆಯ ಮ್ಯಾಕ್‌ಗಳಿಗೆ ಮೌಂಟನ್ ಲಯನ್ ಹಿಡಿಯುತ್ತಲೇ ಇರಲಿಲ್ಲ. ಬಡಿಸಿ, ಎರಡು ತುತ್ತು ತಿನ್ನಿಸಿ ಎಲೆ ಎಳೆದುಕೊಂಡ ಹಾಗೆ. ತಿಂಗಳುಗಟ್ಟಲೆ ಲಯನ್‌ನಲ್ಲಿ ಓಡಾಡಿದ ತಂತ್ರಾಂಶ ಲಯನ್‌ನಲ್ಲಿ ಓಡುವುದಿಲ್ಲ ಎಂಬುದು ಯಾವ ನ್ಯಾಯ, ನೀವೇ ಹೇಳಿ.

ಮೈಕ್ರೋಸಾಫ್ಟಿನವರ ಮೆಸೆಂಜರ್ ಇದಕ್ಕಿಂತ ವಾಸಿ. 2010ರಲ್ಲಿ ಬಂದ ಅದರ ಹೊಸ ಆವೃತ್ತಿ ಎಕ್ಸ್‌ಪಿಯಲ್ಲಿ ನಡೆಯುತ್ತಿರಲಿಲ್ಲ. ಎಕ್ಸ್‌ಪಿಗೆ ಇನ್ನೂ ಮೂರೂವರೆ ವರ್ಷದ ಆಯುಷ್ಯ ಇದ್ದಾಗಲೇ ಹೀಗೆ. ಆದರೆ ಹಿಂದಿನ ಆವೃತ್ತಿಯನ್ನು ಎಕ್ಸ್‌ಪಿಯಲ್ಲಿ ಬಳಸುತ್ತಿದ್ದವರ ಬಾಯಿಗೆ ಬೀಗ ಹಾಕಲಿಲ್ಲ. ಹಳೆಯದರಲ್ಲಿದ್ದವರೂ ಹೊಸದರಲ್ಲಿದ್ದವರೂ ಪರಸ್ಪರ ಮಾತಾಡಿಕೊಂಡಿದ್ದರು. ಹೊಸ ಒಡವೆ ಬೇಕಾದವರು ಹೊಸ ಮನೆಗೆ ಹೋಗಲಿ, ಇಲ್ಲದವರು ಇದ್ದಲ್ಲೇ ಇರಲಿ ಎಂಬ ಈ ಧೋರಣೆ ನನಗೆ ಹಿಡಿಸುತ್ತದೆ. (ಮುಂದೆ ಆ ಮೆಸೆಂಜರನ್ನೇ 2013ರಲ್ಲಿ ಮುಚ್ಚತೊಡಗಿ ಎಲ್ಲರನ್ನೂ ಸ್ಕೈಪಿಗೆ ಅಟ್ಟಿದರು. 2025ರ ಮೇ 5ರಂದು ಸ್ಕೈಪನ್ನೂ ಮುಚ್ಚಿದರು. ಅದಕ್ಕೆಂದು ಕಂಪ್ಯೂಟರ್ ಬದಲಾಯಿಸಿದವರನ್ನು ನೆನೆದು ನಗಬೇಕೋ ಮರುಗಬೇಕೋ.)

ನಮ್ಮ ದೇಶದ ಮನೆಮನೆಗೂ ಬಂದದ್ದು ವಾಟ್ಸಾಪ್. ಅದರ ಚರಿತ್ರೆಯಲ್ಲಿ ನನ್ನ ಗಮನ ಸೆಳೆದದ್ದು 2016. ಆ ವರ್ಷ ಫೆಬ್ರವರಿಯಲ್ಲಿ, ನೋಕಿಯಾದ ಎಸ್40, ಬ್ಲ್ಯಾಕ್‌ಬೆರಿ ಮೊದಲಾದ ಹಳೆಯ ಫೋನುಗಳನ್ನು ಕೈಬಿಡುತ್ತೇವೆ ಎಂದು ಕಂಪನಿ ಹೇಳಿತು. ಏಪ್ರಿಲ್‌ನಲ್ಲಿ, ಕಳಿಸಿದವರು ಮತ್ತು ಪಡೆದವರ ಹೊರತು ಮೂರನೆಯವರು ಓದಲಾಗದ ಗೂಢಲಿಪಿಯ ರಕ್ಷಣೆಯನ್ನು ಎಲ್ಲರಿಗೂ ಒದಗಿಸಿತು. ಎಲ್ಲರಿಗೂ ಎಂದರೆ, ಕೈಬಿಡುತ್ತೇವೆ ಎಂದಿದ್ದ ಆ ನೋಕಿಯಾ ಎಸ್40ಕ್ಕೂ! ಅಂದರೆ ಗುಂಡಿ ಒತ್ತುವ ಆ ಪುಟ್ಟ ಫೋನು ಗುಟ್ಟು ಕಾಯಲಾರದು ಎಂಬುದು ಕಾರಣವಲ್ಲ. ಹಲವು ಬಗೆಯ ಫೋನುಗಳಿಗೆ ಒಂದೊಂದಕ್ಕೂ ಬೇರೆ ಬೇರೆಯಾಗಿ ತಂತ್ರಾಂಶ ಹೊಲಿಯುವ ಖರ್ಚು ಕಾರಣ. ಖರ್ಚೂ ಒಂದು ಕಾರಣವೇ, ಇಲ್ಲವೆನ್ನುವುದಿಲ್ಲ. ಆದರೆ ಖರ್ಚನ್ನು ಖರ್ಚು ಎಂದು ಹೇಳಲಿ, ಸುರಕ್ಷತೆಯ ಸೆರಗು ಹೊದಿಸುವುದು ಬೇಡ. ಎಸ್40ರ ಬಾಗಿಲು 2018ರ ಡಿಸೆಂಬರ್ 31ಕ್ಕೆ ಮುಚ್ಚಿತು. ಕನ್ನಡವನ್ನು ತಂದ ಆಂಡ್ರಾಯ್ಡ್ 4.1ರ ಸರದಿ 2023ರ ಅಕ್ಟೋಬರ್ 24ಕ್ಕೆ ಬಂತು. ಹನ್ನೊಂದು ವರ್ಷ ಬಾಳಿತು ಎನ್ನಬಹುದು. 2025ರಲ್ಲಿ ಐಫೋನ್ 5ಎಸ್, 6ರಂಥವೂ ಹೊರಗಾದವು.

ಹನ್ನೊಂದು ವರ್ಷ ಸಾಲದೆ ಎಂದು ನಮ್ಮ ಗಣಿತದ ಮೇಷ್ಟ್ರು ಕೇಳಿದರು. "ಮೇಡಂ, ಹನ್ನೊಂದು ವರ್ಷ ಒಂದೇ ಫೋನ್ ಯಾರು ಇಟ್ಟುಕೋತಾರೆ?" ಅವರ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಒಬ್ಬರು ಇಟ್ಟುಕೊಳ್ಳುವುದಿಲ್ಲ, ಒಂದು ಮನೆ ಇಟ್ಟುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಸೀರೆ ಮೇಲಿನಿಂದ ಕೆಳಗಿಳಿಯುತ್ತದೆ: ಅಜ್ಜಿಯ ರೇಷ್ಮೆ ಸೀರೆ ಅಮ್ಮನಿಗೆ, ಅಮ್ಮನದು ಹರಿದಾಗ ಮೊಮ್ಮಗಳ ಲಂಗಕ್ಕೆ. ಫೋನು ಕೆಳಗಿನಿಂದ ಮೇಲಕ್ಕೇರುತ್ತದೆ. ಮಗ ಕೊಂಡದ್ದು, ಅವನಿಗೆ ಹೊಸದು ಬಂದಾಗ ತಂಗಿಗೆ; ಅವಳು ಕಾಲೇಜು ಸೇರಿದಾಗ ಅಮ್ಮನಿಗೆ; ಗಾಜು ಸೀಳಿ, ಬ್ಯಾಟರಿ ಉಬ್ಬಿದ ಮೇಲೆ ಊರಿನಲ್ಲಿರುವ ಅಜ್ಜಿಗೆ. ಹಾಗಾಗಿ ಹಳೆಯ ಆವೃತ್ತಿಯನ್ನು ಕೈಬಿಟ್ಟೆವು ಎಂದು ಕಂಪನಿ ಘೋಷಿಸಿದಾಗ ಯಂತ್ರದ ವಯಸ್ಸಿನ ಪ್ರಕಾರ ಕೈಬಿಟ್ಟ ಹಾಗೆ ಕಾಣುತ್ತದೆ. ಮನೆಯೊಳಗೆ ಬಂದು ನೋಡಿದರೆ ಮೊದಲು ಹೊರಗೆ ಬಿದ್ದವರು ಹೆಂಗಸರು, ಅದರಲ್ಲೂ ಕೈಯಲ್ಲಿ ಕಾಸಿಲ್ಲದ ಹೆಂಗಸರು. "ಹೊಸ ಫೋನ್ ಕೊಡಿಸಪ್ಪ" ಎಂದು ಬಾಯಿಬಿಟ್ಟು ಕೇಳಲು ಹಿಂಜರಿಯುವವರೂ ಅವರೇ. ಮಕ್ಕಳ ದನಿ ಕೇಳದೆ ಎರಡು ವಾರ ಕಳೆದರೂ "ಫೋನ್ ಸರಿಯಿಲ್ಲ ಕಣೇ" ಎಂದು ಸುಮ್ಮನಾಗುತ್ತಾರೆ.

ಬೇರೆ ತಂತ್ರಾಂಶಗಳಿಗೂ ಸಂದೇಶದ ತಂತ್ರಾಂಶಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಚಿತ್ರ ಬಿಡಿಸುವ ತಂತ್ರಾಂಶವೊಂದು ಹೊಸ ಆಪರೇಟಿಂಗ್ ಸಿಸ್ಟಂ ಕೇಳಿದರೆ ಹಳೆಯದರಲ್ಲೇ ಬಿಡಿಸಿಕೊಂಡಿರುತ್ತೇನೆ, ನಷ್ಟ ನನಗೊಬ್ಬಳಿಗೆ. ಮಾತಿಗೆ ಇಬ್ಬರು ಬೇಕು. ಮೈಸೂರಿನಲ್ಲಿರುವ ಮಗಳು ಹೊಸದಕ್ಕೆ ಹೋದಳೆಂದು ಸಾಗರದಲ್ಲಿರುವ ತಾಯಿಯೂ ಹೋಗಬೇಕು, ತಾಯಿ ಹೋದಳೆಂದು ಅವಳ ತಂಗಿಯೂ ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೆ?

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ತಂತಿ ಇಲಾಖೆಯ ಯಂತ್ರಗಳು ಎಷ್ಟು ಸಲ ಬದಲಾದವೋ, 2013ರ ಜುಲೈನಲ್ಲಿ ತಂತಿ ಸೇವೆ ನಿಲ್ಲುವವರೆಗೂ ಪಡೆಯುವವರ ಮನೆಯಲ್ಲಿ ಏನೂ ಬದಲಾಗಬೇಕಿರಲಿಲ್ಲ. ಬಾಗಿಲು ತೆರೆದರೆ ಸಾಕಿತ್ತು. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರಿನಲ್ಲಿ, ಬ್ರಿಟನ್ನಿನಲ್ಲಿ. ಇಂದಿನ ದುಬಾರಿ ಫೋನಿನಿಂದ ಕಳಿಸಿದ ಎಸ್‌ಎಂಎಸ್ಸು ಗುಂಡಿ ಫೋನಿಗೂ ತಲಪುತ್ತದೆ, ಯಾರೂ ಯಾರ ಆವೃತ್ತಿಯನ್ನೂ ಕೇಳುವುದಿಲ್ಲ. ಒಂದು ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70ರಷ್ಟು ಜಾಗ ಎಂಬ ಮಲತಾಯಿ ಧೋರಣೆ ಅದರಲ್ಲಿ ಇದೆ, ಅದನ್ನು ನಾನು ಮರೆಯುವುದಿಲ್ಲ. ಈಮೇಲೂ ಹಾಗೆಯೇ: ಕಂಪನಿ ಯಾವುದಾದರೇನು, ನಿಯಮ ಎಲ್ಲರಿಗೂ ಒಂದು. ಸಂದೇಶದ ಹೊಸ ತಂತ್ರಾಂಶಗಳಲ್ಲಿ ಅಂಗಡಿಯವನೇ ಅಂಚೆಯವನು, ಅವನೇ ರಸ್ತೆಯ ಒಡೆಯನೂ. ಯೂರೋಪಿನವರು ಇದಕ್ಕೆ ಕಾನೂನಿನ ಮದ್ದು ಹುಡುಕಿದ್ದಾರೆ. 2022ರ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಪ್ರಕಾರ ಅಲ್ಲಿ ವಾಟ್ಸಾಪಿನಂಥ ದೊಡ್ಡ ಸೇವೆಗಳು, ಬೇರೆ ಕಂಪನಿಯ ಸಂದೇಶ ತಂತ್ರಾಂಶ ಕೇಳಿಕೊಂಡರೆ ಅದರೊಡನೆ ಮಾತು ಬೆಳೆಸಬೇಕು. 2024ರ ಮಾರ್ಚಿನಿಂದ ಈ ಕಟ್ಟಳೆ ಅನ್ವಯಿಸಿದೆ. ಹೀಗಾದಾಗ ಹಳೆಯ ಯಂತ್ರಕ್ಕೆ ಹೊಂದುವ ಸರಳ ತಂತ್ರಾಂಶವೊಂದನ್ನು ಯಾರಾದರೂ ಮಾಡಿಕೊಡಲು ದಾರಿಯಾದರೂ ಇರುತ್ತದೆ.

ನಾನು ಕೇಳುವುದು ಅಷ್ಟು ದೊಡ್ಡದೂ ಅಲ್ಲ. ವಿಡಿಯೋ, ಕುಣಿಯುವ ಚಿತ್ರ, ಮುಖಕ್ಕೆ ಬಣ್ಣ ಬಳಿಯುವ ಆಟ ಇವೆಲ್ಲ ಹೊಸ ಯಂತ್ರದವರಿಗೇ ಇರಲಿ. ನಾಲ್ಕು ಸಾಲು ಅಕ್ಷರ ಮಾತ್ರ ಹಳೆಯದಕ್ಕೂ ತಲಪಲಿ. ಅದೂ ಆಗದೆಂದಾದರೆ ಒಂದು ವರ್ಷ ಮೊದಲು ತಿಳಿಸಲಿ, ಕಾರಣವನ್ನು ನಮ್ಮ ಭಾಷೆಯಲ್ಲಿ ನೇರವಾಗಿ ಹೇಳಲಿ, ಹಳೆಯ ಸಂದೇಶ, ಫೋಟೋಗಳನ್ನು ಎತ್ತಿಟ್ಟುಕೊಳ್ಳಲು ದಾರಿ ತೋರಿಸಲಿ.

ಕಂಪನಿಗಳು ಕೇಳಿಸಿಕೊಳ್ಳುವವರೆಗೆ ಶಾಲೆ ನಡೆಯಬೇಕಲ್ಲ. ನಮ್ಮಲ್ಲಿ ಪರೀಕ್ಷೆಯ ದಿನಾಂಕ, ಶುಲ್ಕ, ರಜೆ ಎಲ್ಲವೂ ಫೋನಿನ ಗುಂಪಿನಲ್ಲೇ ಹೋಗುತ್ತಿದ್ದವು. ಒಂಬತ್ತನೆಯ ತರಗತಿಯ ಐದು ಮಕ್ಕಳ ತಾಯಂದಿರ ಫೋನಿಗೆ ಆ ಗುಂಪು ಈಗ ಹತ್ತುವುದಿಲ್ಲ. ಗುಂಪಿಗೆ ಹಾಕಿದ ಪ್ರತಿಯೊಂದು ಸೂಚನೆಯನ್ನೂ ನೋಟೀಸು ಬೋರ್ಡಿಗೆ ಅಂಟಿಸಬೇಕು, ಮಕ್ಕಳ ಡೈರಿಯಲ್ಲಿ ಬರೆಸಿ ತಾಯಿಯ ಸಹಿ ತರಿಸಬೇಕು ಎಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟೆ. "ಡಬಲ್ ಕೆಲಸ ಆಗುತ್ತಲ್ಲ ಮೇಡಂ" ಎಂದರು, ಆದರೂ ಒಪ್ಪಿದರು. ಈಗ ಐದೂ ಡೈರಿಗಳಲ್ಲಿ ಸಹಿ ಬರುತ್ತಿದೆ. ಒಬ್ಬ ತಾಯಿ ಸಹಿಯ ಕೆಳಗೆ ಪೆನ್ಸಿಲಿನಲ್ಲಿ, ಮಗಳು ಇತ್ತೀಚೆಗೆ ಲೆಕ್ಕದಲ್ಲಿ ಹೇಗಿದ್ದಾಳೆ ಎಂದು ಕೇಳಿದ್ದಾರೆ. ಉತ್ತರ ಬರೆಯಲು ಡೈರಿಯನ್ನು ಗಣಿತದ ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೇನೆ.