ಕೆಂಪು ರಟ್ಟಿನ ವ್ಯಾಕರಣ

ನಮ್ಮ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಪಂಚಾಂಗ, ಹಳೆಯ ವಿಶೇಷಾಂಕಗಳ ಪಕ್ಕದಲ್ಲೇ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕವೂ ಕೂತಿರುತ್ತದೆ. ಅದರ ಹೆಸರು ‘ಹೈಸ್ಕೂಲ್ ಇಂಗ್ಲಿಷ್ ಗ್ರಾಮರ್ ಅಂಡ್ ಕಾಂಪೊಸಿಷನ್’ ಎಂದು ಯಾರೂ ಹೇಳುವುದಿಲ್ಲ. ‘ರೆನ್ ಅಂಡ್ ಮಾರ್ಟಿನ್’ ಎಂದರೆ ಸಾಕು. 1930ರ ದಶಕದ ಮಧ್ಯದಲ್ಲಿ ಬಂದದ್ದು. ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದರು. ಪಿ.ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯಲ್ಲಿದ್ದವರು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರು. ಮರುಭೂಮಿಯ ಸಿಪಾಯಿಗಳ ಕಥೆ ಹೇಳಿದ ಕೈಯೇ ನಮ್ಮ ಹುಡುಗಿಯರಿಗೆ ಕರ್ತೃ, ಕರ್ಮ, ಕ್ರಿಯಾಪದ ಕಲಿಸಿತು ಎಂದರೆ ನಗು ಬರುತ್ತದೆ.

ಈ ಪುಸ್ತಕವನ್ನು ಇಂದು ಹೈಸ್ಕೂಲು ಮಕ್ಕಳಿಗಿಂತ ಹೆಚ್ಚಾಗಿ ಬ್ಯಾಂಕ್ ಪರೀಕ್ಷೆಗೆ ಕೂರುವವರು ಓದುತ್ತಾರೆ. ಇದನ್ನೇ ಕತ್ತರಿಸಿ, ಒಣಗಿಸಿ, ಪೊಟ್ಟಣ ಕಟ್ಟಿದಂಥ ಗೈಡುಗಳು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತವೆ. ಕಳೆದ ಎರಡು ವರ್ಷಗಳಿಂದ ಸಂಜೆ ಹೊತ್ತು ನಮ್ಮ ಮನೆಗೆ ಓದಲು ಬರುವ ನಾಲ್ಕೈದು ಹೆಣ್ಣುಮಕ್ಕಳ ದೆಸೆಯಿಂದ ನಾನು ಈ ಪುಸ್ತಕಗಳನ್ನೆಲ್ಲ ತಿರುವಿಹಾಕುತ್ತಿದ್ದೇನೆ. ಅವುಗಳ ಬಗ್ಗೆ ನನಗೊಂದು ತಕರಾರಿದೆ. ಇವು ನಿಯಮ ಹೇಳುತ್ತವೆ, ಕಾರಣ ಹೇಳುವುದಿಲ್ಲ. ಎಷ್ಟೋ ಸಲ ಆ ಕಾರಣ ಓದುವವಳ ಕನ್ನಡದಲ್ಲೇ ಇರುತ್ತದೆ!

‘ಎ’ ಮತ್ತು ‘ಆ್ಯನ್’ ವಿಷಯವನ್ನೇ ನೋಡಿ. ಗೈಡಿನಲ್ಲಿ ಮೊದಲು ಐದು ಸ್ವರಾಕ್ಷರಗಳ ನಿಯಮ, ಆಮೇಲೆ ಅಪವಾದಗಳ ಪಟ್ಟಿ. ‘ಅವರ್’ ಎಂಬ ಮಾತು ಎಚ್ ಅಕ್ಷರದಿಂದ ಶುರುವಾದರೂ ‘ಆ್ಯನ್’. ‘ಯೂನಿವರ್ಸಿಟಿ’ ಯು ಅಕ್ಷರದಿಂದ ಶುರುವಾದರೂ ‘ಎ’. ಬಾಯಿಪಾಠ ಮಾಡಿ ಎನ್ನುತ್ತಾರೆ. ಆದರೆ ಈ ಮಾತುಗಳನ್ನು ಕನ್ನಡದಲ್ಲಿ ಬರೆದು ನೋಡಿ. ಒಂದು ‘ಅ’ದಿಂದ ಶುರು, ಇನ್ನೊಂದು ‘ಯ’ದಿಂದ. ಸ್ವರ ಯಾವುದು, ವ್ಯಂಜನ ಯಾವುದು ಎಂಬುದನ್ನು ನಾವು ಒಂದನೇ ಕ್ಲಾಸಿನಲ್ಲೇ ಕಲಿತಿದ್ದೇವಲ್ಲ? ಎಂ.ಬಿ.ಎ.ಗೆ ‘ಆ್ಯನ್’ ಏಕೆಂದರೆ ಬಾಯಲ್ಲಿ ಬರುವುದು ‘ಎಂ’. (‘ಒನ್’ ಒಂದು ಕೈ ಕೊಡುತ್ತದೆ, ಅದನ್ನು ‘ವನ್’ ಎಂದು ಅಂದುಕೊಂಡರೆ ಸರಿಹೋಗುತ್ತದೆ.) ಅರ್ಧ ಪುಟದ ಅಪವಾದ ಅಲ್ಲಿಗೆ ಕರಗಿತು.

‘ಒನ್ ಆಫ್ ಮೈ ಫ್ರೆಂಡ್ಸ್’ ಎಂದಾಗ ಕ್ರಿಯಾಪದ ಏಕವಚನವಾಗಬೇಕು ಎಂಬುದೂ ಅಷ್ಟೇ. ‘ನನ್ನ ಗೆಳತಿಯರಲ್ಲಿ ಒಬ್ಬಳು ಬಂದಳು’ ಎಂದು ಹೇಳುವಾಗ ‘ಬಂದರು’ ಎಂದು ಯಾರ ನಾಲಿಗೆಯೂ ತಪ್ಪುವುದಿಲ್ಲ. ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ. ‘ಬಗ್ಗೆ ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್’ ಆದಮೇಲೆ ‘ಅಬೌಟ್’ ತಾನಾಗಿ ಬಂದುಬಿಡುತ್ತದೆ. ಅವನ ಜೊತೆ ಮದುವೆ ಎನ್ನುವವರಿಗೆ ‘ಮ್ಯಾರೀಡ್ ವಿತ್’ ಸಹಜವೆನಿಸುತ್ತದೆ. ಇದನ್ನು ಎದುರುಬದುರು ಇಟ್ಟು ತೋರಿಸುವ ಒಂದೇ ಒಂದು ಗೈಡು ನನ್ನ ಕೈಗೆ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಗೋಜಲು ಕಾಮಾದ್ದು. ಕಾಮಾ ಎಂದರೆ ಎಲ್ಲಕ್ಕಿಂತ ಚಿಕ್ಕ ನಿಲುಗಡೆ, ಸೆಮಿಕೋಲನ್ ಇನ್ನೂ ಸ್ವಲ್ಪ ಹೆಚ್ಚಿನದು, ಫುಲ್‌ಸ್ಟಾಪ್ ಪೂರ್ತಿ ನಿಲುಗಡೆ ಎಂದು ರೆನ್ ಮತ್ತು ಮಾರ್ಟಿನ್ ಹೇಳುತ್ತಾರೆ. ನಾವು ಇಟ್ಟುಕೊಂಡ ಹೆಸರುಗಳೂ ಅವೇ: ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ. ಹೆಸರಿನಲ್ಲೇ ವಿರಾಮ ಇರುವಾಗ ಉಸಿರು ನಿಂತಲ್ಲಿ ಗೆರೆ ಎಳೆಯುವುದು ಸಹಜ. ‘ಕೆರೆ ಏರಿಯ ಮೇಲೆ ಕೂತಿರುವ ಆ ಮುದುಕಿ’ ಎಂದು ಹೇಳಿ ನಾವು ಉಸಿರೆಳೆದುಕೊಳ್ಳುತ್ತೇವೆ, ಕಾಮಾ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಕರ್ತೃವಿಗೂ ಅದರ ಕ್ರಿಯಾಪದಕ್ಕೂ ನಡುವೆ ಹೀಗೆ ಒಂಟಿ ಕಾಮಾ ಹಾಕುವ ಹಾಗಿಲ್ಲ, ಉಸಿರು ಎಷ್ಟೇ ಕಟ್ಟಲಿ.

ಇನ್ನೊಂದು ಕಡೆ ನಮ್ಮ ಭಾಷೆಯ ಸೊಗಸೇ ನಮಗೆ ಮುಳುವಾಗುತ್ತದೆ. ‘ಅವಳು ಮನೆಗೆ ಬಂದು, ಕೈಕಾಲು ತೊಳೆದು, ಊಟ ಮಾಡಿ ಮಲಗಿದಳು.’ ಇಲ್ಲಿ ವಾಕ್ಯ ಮುಗಿಸುವ ಕ್ರಿಯಾಪದ ಒಂದೇ. ಬಂದು, ತೊಳೆದು, ಮಾಡಿ ಎಂಬವೆಲ್ಲ ಅದರ ಸೆರಗು ಹಿಡಿದು ಬಂದವು. ಇದೇ ಸರಪಳಿಯನ್ನು ಇಂಗ್ಲಿಷಿಗೆ ಒಯ್ದರೆ ‘ಶಿ ಕೇಮ್ ಹೋಮ್, ಶಿ ಏಟ್, ಶಿ ಸ್ಲೆಪ್ಟ್’ ಆಗುತ್ತದೆ. ಅಲ್ಲಿ ಪ್ರತಿಯೊಂದೂ ಸ್ವತಂತ್ರ ವಾಕ್ಯ. ಅವನ್ನು ಹಿಡಿದಿಡುವ ಶಕ್ತಿ ಕಾಮಾಕ್ಕಿಲ್ಲ. ಫುಲ್‌ಸ್ಟಾಪ್ ಬೇಕು, ಸೆಮಿಕೋಲನ್ ಬೇಕು, ಇಲ್ಲವೇ ‘ಅಂಡ್’ನಂಥ ಒಂದು ಕೊಂಡಿ ಬೇಕು. ಅಮೆರಿಕದ ಕಾಲೇಜುಗಳಿಗೆ ಹೋಗುವವರು ಬರೆಯುವ ಎಸ್.ಎ.ಟಿ. ಪರೀಕ್ಷೆಯಲ್ಲಿ ಇದನ್ನೇ ನೇರವಾಗಿ ಕೇಳುತ್ತಾರೆ. ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲಿ ಹಾಗೆ ಕೇಳುವುದು ಕಡಿಮೆಯಾದರೂ, ಮುಂದೆ ಒಂದು ಪತ್ರ ಬರೆಯುವಾಗ ಇದೇ ತೊಡಕು ಎದುರಾಗುತ್ತದೆ.

‘ಮುಂಬಯಿಯಲ್ಲಿರುವ ನನ್ನ ತಮ್ಮ’ ಎಂದರೆ ನನಗೆ ಎಷ್ಟು ಜನ ತಮ್ಮಂದಿರು? ಕನ್ನಡ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಹು’ ಎಂದು ಶುರುವಾಗುವ ಆ ತುಣುಕಿನ ಎರಡೂ ಕಡೆ ಕಾಮಾ ಹಾಕಿದರೆ ಒಬ್ಬನೇ ತಮ್ಮ. ಹಾಕದಿದ್ದರೆ ಇನ್ನೂ ಇದ್ದಾರೆ ಎಂಬ ಸೂಚನೆ. ಎರಡು ಪುಟ್ಟ ಗೆರೆಗಳು ಮನೆಯ ಜನಸಂಖ್ಯೆಯನ್ನೇ ಬದಲಾಯಿಸುತ್ತವೆ! ಇದನ್ನು ಹೇಳಿದಾಗ ನಮ್ಮ ಹುಡುಗಿಯರ ಮುಖ ಅರಳಿದ್ದನ್ನು ನೋಡಬೇಕಿತ್ತು. ‘ಅಕ್ಕಾ, ಇದಕ್ಕೂ ಅರ್ಥ ಇದೆಯಾ?’ ಎಂದಳು ಒಬ್ಬಳು. ಅಲ್ಲಿಯವರೆಗೆ ಅವಳಿಗೆ ಅದು ಅಕ್ಷತೆಯ ಹಾಗೆ ಅಲ್ಲಲ್ಲಿ ಉದುರಿಸುವ ವಸ್ತು.

ಹಾಗೆ ಕೇಳಿದವಳಿಗೆ 33 ವರ್ಷ. ಗಂಡ ತೀರಿಕೊಂಡು ಮೂರು ವರ್ಷವಾಗಿದೆ. ಕ್ಲರ್ಕ್ ದರ್ಜೆಯ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 28 ವರ್ಷದ ಮಿತಿ. ವಿಧವೆಯರಿಗೆ, ವಿಚ್ಛೇದಿತರಿಗೆ, ಮರುಮದುವೆಯಾಗಿರದಿದ್ದರೆ, 35ರವರೆಗೆ ಅವಕಾಶವಿದೆ. ಅವಳಿಗೆ ಉಳಿದಿರುವ ಪ್ರಯತ್ನಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಪ್ರಾಥಮಿಕ ಪರೀಕ್ಷೆಯಲ್ಲಿ ಇಂಗ್ಲಿಷಿನ 30 ಪ್ರಶ್ನೆಗೆ 20 ನಿಮಿಷ, ಅಂದರೆ ಒಂದಕ್ಕೆ 40 ಸೆಕೆಂಡು. ತಪ್ಪಾದರೆ ಕಾಲು ಅಂಕ ಕಳೆಯುತ್ತಾರೆ. ಕ್ಲರ್ಕ್ ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು 2021ರಲ್ಲಿ ಹಣಕಾಸು ಸಚಿವಾಲಯ ಹೇಳಿತು, ಒಳ್ಳೆಯ ಕೆಲಸ. ಇಂಗ್ಲಿಷಿನ ಭಾಗ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ಇರಲಿ, ಬ್ಯಾಂಕಿನಲ್ಲಿ ಇಂಗ್ಲಿಷ್ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 40 ಸೆಕೆಂಡಿನಲ್ಲಿ ತಪ್ಪು ಹಿಡಿಯುವುದು ಕಿವಿಯ ಕೆಲಸ. ಇಂಗ್ಲಿಷ್ ಪತ್ರಿಕೆ ಬರುವ ಮನೆಯಲ್ಲಿ ಬೆಳೆದವಳಿಗೆ ಆ ಕಿವಿ ತಾನಾಗಿ ಬಂದಿರುತ್ತದೆ. ಇವಳಿಗೆ ಇರುವುದು ನಿಯಮ ಒಂದೇ. ಅದನ್ನೂ ಕಾರಣವಿಲ್ಲದೆ ಕೊಟ್ಟರೆ ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ಅದೇ.

‘ತಪ್ಪು ಎಲ್ಲಿದೆ ಗುರುತಿಸಿ’ ಎಂಬ ಬಗೆಯ ಪ್ರಶ್ನೆಗಳನ್ನೇ ದಿನಕ್ಕೆ ನೂರು ಮಾಡಿಸುವ ಪದ್ಧತಿ ಇನ್ನೊಂದು ಕೇಡು ಮಾಡುತ್ತದೆ. ಹೀಗೆ ಆರು ತಿಂಗಳು ಓದಿದವಳು ಸರಿಯಾದ ವಾಕ್ಯವನ್ನೂ ಸಂಶಯದಿಂದ ನೋಡುತ್ತಾಳೆ. ‘ತಪ್ಪಿಲ್ಲ’ ಎಂಬ ಉತ್ತರವನ್ನು ಗುರುತು ಮಾಡಲು ಕೈ ನಡುಗುತ್ತದೆ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ಕವಿಗಳ ಪ್ರಯೋಗಗಳನ್ನು ಎದುರಿಗಿಟ್ಟ. ಗೈಡುಗಳಲ್ಲಿರುವುದು ತಪ್ಪು ಮಾಡಲೆಂದೇ ಹುಟ್ಟಿಸಿದ ವಾಕ್ಯಗಳು.

ಹಾಗೆ ನೋಡಿದರೆ ರೆನ್ ಮತ್ತು ಮಾರ್ಟಿನ್‌ಗೆ ಗೈಡುಗಳಿಗಿಂತ ತಾಳ್ಮೆ ಹೆಚ್ಚು, ಅಭ್ಯಾಸಗಳೂ ಧಾರಾಳ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ, ಹಳೆಯ ಪ್ರತಿಯಾದರೂ ಸರಿ. ಚಿಹ್ನೆಗಳ ಅಧ್ಯಾಯದಲ್ಲಿ ವಾಕ್ಯಗಳನ್ನು ಯಾವ ಚಿಹ್ನೆಯೂ ಇಲ್ಲದೆ ಬೆತ್ತಲೆಯಾಗಿ ಕೊಟ್ಟು, ನೀವೇ ಹಾಕಿ ಎನ್ನುತ್ತಾರೆ. ನಮ್ಮಲ್ಲಿ ಅದನ್ನು ಪೆನ್ಸಿಲಿನಲ್ಲಿ ಮಾಡುತ್ತೇವೆ. ಪ್ರತಿ ಕಾಮಾದ ಪಕ್ಕ ಅದು ಅಲ್ಲಿ ಏಕೆ ಬಂತು ಎಂದು ಕನ್ನಡದಲ್ಲಿ ಬರೆಯಬೇಕು. ಕಾರಣ ಹೊಳೆಯದಿದ್ದರೆ ರಬ್ಬರು ಹಿಡಿದು ಆ ಕಾಮಾ ಅಳಿಸಬೇಕು.