ರಚ್ಚೆಗೆ ಮಣ್ಣೊಂದೇ ಮದ್ದಲ್ಲ

ರಚ್ಚೆ ಹಿಡಿದ ಮಗುವಿನ ಮುಂದೆ ಒಂದು ಬೋಗುಣಿ ನೀರಿಡಿ, ಇಲ್ಲವೇ ತಟ್ಟೆ ತುಂಬ ಮರಳು ಸುರಿಯಿರಿ, ಅಳು ತಾನಾಗಿ ನಿಲ್ಲುತ್ತದೆ: ‘ಸೆನ್ಸರಿ ಪ್ಲೇ’ ಹೆಸರಿನ ಈ ಸಲಹೆ ಈಗ ಎಳೆಯ ಮಕ್ಕಳ ತಾಯ್ತಂದೆಯರಿಗೆ ಎಲ್ಲ ಕಡೆಯಿಂದಲೂ ಬರುತ್ತಿದೆ. ಸಲಹೆಯಲ್ಲಿ ಹುರುಳಿದೆ. ರಾಗಿ ಹಿಟ್ಟಿನ ಮುದ್ದೆ ಹಿಸುಕುತ್ತ ಹಿಸುಕುತ್ತ ಮಗುವಿನ ಸಿಟ್ಟು ಇಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅಲ್ಲಿ ಹಿಟ್ಟಿನ ಪಾಲೆಷ್ಟು, ಪಕ್ಕದಲ್ಲಿ ಕೂತ ಅಜ್ಜಿಯ ಪಾಲೆಷ್ಟು?

ಇಂದ್ರಿಯಗಳ ಮೂಲಕ ಮಗು ಕಲಿಯುತ್ತದೆಂದು ಮಾರಿಯಾ ಮಾಂಟೆಸ್ಸರಿ ನೂರು ವರ್ಷಗಳ ಹಿಂದೆಯೇ ತೋರಿಸಿದರು. ಅವರ ಸಾಮಗ್ರಿ ಇದ್ದದ್ದು ನುಣುಪು ಒರಟು, ಭಾರ ಹಗುರ ಗುರುತಿಸಲು; ಅಳು ನಿಲ್ಲಿಸಲಲ್ಲ. ಇಂದ್ರಿಯಾನುಭವಗಳನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯನ್ನು ಕುರಿತು ಅಮೆರಿಕದ ಜೀನ್ ಏರ್ಸ್ 1972ರಲ್ಲಿ ಬರೆದ ಪುಸ್ತಕ ಕಲಿಕೆಯ ತೊಡಕಿರುವ ಮಕ್ಕಳನ್ನು ಕುರಿತದ್ದು. ಆ ದಾರಿಯ ಚಿಕಿತ್ಸೆಗಳಿಗೆ ಪುರಾವೆ ಸಾಲದೆಂದು ಅಲ್ಲಿನ ಮಕ್ಕಳ ವೈದ್ಯರ ಸಂಘವೇ 2012ರಲ್ಲಿ ಎಚ್ಚರಿಸಿತು. ಎಲ್ಲವನ್ನೂ ಕಲಸಿ ಪ್ರತಿ ಮನೆಗೂ ಮದ್ದೆಂದು ಹಂಚುವುದು ನನಗೆ ಒಪ್ಪಿಗೆಯಿಲ್ಲ.

ನೀಲಗಿರಿಯಲ್ಲಿ ನಿಂತು ನೋಡಿದರೆ ತೊಡಕು ಇನ್ನೂ ಸ್ಪಷ್ಟ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಆಡಿ ತಿಂಗಳ ಮಳೆಯಲ್ಲಿ ತಣ್ಣೀರಿನಾಟ ಕೈ ಮರಗಟ್ಟಿಸುತ್ತದೆ, ಅಲ್ಲಿ ಬಿಸಿನೀರೇ ಬೇಕು. ಮಸಿನಗುಡಿಯಲ್ಲಿ ಮರಳು ಮಣ್ಣು ಧಾರಾಳ, ಆದರೆ ಆನೆ ಅಡ್ಡಾಡುವ ಊರಲ್ಲಿ ಸಂಜೆ ಮಗುವನ್ನು ಅಂಗಳಕ್ಕೆ ಬಿಡಲಾಗದು. ಗೂಡಲೂರಿನಲ್ಲಿ ಮಳೆಗಾಲವಿಡೀ ಕೆಸರು. ಒಂದೇ ಜಿಲ್ಲೆಗೇ ಒಂದು ಪಟ್ಟಿ ಹೊಂದದಿರುವಾಗ ಪಟ್ಟಣದ ಅಂಗಡಿಯ ಕಿಟ್ ಹೇಗೆ ಹೊಂದೀತು?

ಇದಕ್ಕಿಂತ ದೊಡ್ಡ ಕೊರತೆ ಮಾತಿನದು. ಸಿಟ್ಟು ತಣಿಯಲು ಅದಕ್ಕೊಂದು ಹೆಸರು ಬೇಕು. ನಮ್ಮಲ್ಲಿ ಹಟ ಬೇರೆ, ಮುನಿಸು ಬೇರೆ, ಸಿಡುಕು ಬೇರೆ, ಅಂಜಿಕೆ ಬೇರೆ. ತಂಗಿಗೆ ಹಾಲು ಕೊಟ್ಟರೆಂದು ಮೂಲೆ ಸೇರಿದ ಮಗುವಿನದು ಮುನಿಸು. ಗೋಡೆಯ ಮೇಲಿನ ‘ಆಂಗ್ರಿ’, ‘ಸ್ಯಾಡ್’ ಮುಖಗಳ ಚಿತ್ರಪಟದಲ್ಲಿ ಅದಕ್ಕೆ ಜಾಗವೇ ಇಲ್ಲ. ಗೂಡಲೂರಿನ ಪಣಿಯ, ಬೆಟ್ಟಕುರುಬ ಮಕ್ಕಳಿಗೂ ಊಟಿಯ ಸುತ್ತಲಿನ ಬಡಗ ಮಕ್ಕಳಿಗೂ ಮನೆಯ ನುಡಿ ಒಂದು, ಶಾಲೆಯ ನುಡಿ ಇನ್ನೊಂದು. ಗೂಡಲೂರಿನ ವಿದ್ಯೋದಯ ಶಾಲೆಯಲ್ಲಿ ಆದಿವಾಸಿ ಶಿಕ್ಷಕರೇ ಆದಿವಾಸಿ ಮಕ್ಕಳ ಜೊತೆ ಕೂರುವುದು ಈ ಕಾರಣಕ್ಕೆ ನನಗೆ ಯಾವ ಮರಳಿನ ತಟ್ಟೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಮಗು ಅಳುವುದು ಮನೆಮಾತಿನಲ್ಲಿ.

ಒಂದು ಅಪಾಯವನ್ನಂತೂ ಹೇಳಲೇಬೇಕು. ನೀರಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳನ್ನು ಈ ಆಟದ ಹೆಸರಲ್ಲಿ ಮಾರುತ್ತಾರೆ. ನುಂಗಿದರೆ ಅವು ಹೊಟ್ಟೆಯೊಳಗೆ ಉಬ್ಬಿ ಕರುಳನ್ನೇ ಕಟ್ಟಿಬಿಡಬಲ್ಲವು. ಮನೆಗೆ ತರಬೇಡಿ. ಹಿಟ್ಟು, ನೀರು, ಮಣ್ಣು ಸಾಕು. ಮಗುವಿನ ಕೈಗೆ ಅವನ್ನು ಕೊಟ್ಟು ಎದ್ದು ಹೋಗದೆ, ಅಳು ಇಳಿಯುವವರೆಗೆ ಪಕ್ಕದಲ್ಲೇ ಕೂತಿರಿ.