ಹಲಸೂರು ಬಂತು, ಕೆರೆ ಬರಲಿಲ್ಲ
ಇಂಗ್ಲಿಷರ ನಾಲಿಗೆಯಲ್ಲಿ ಹಲಸೂರು ‘ಅಲ್ಸೂರ್’ ಆಯಿತೆಂದು ನಮಗೆ ಇಂದಿಗೂ ಬೇಸರ. 2011ರಲ್ಲಿ ತೆರೆದ ಮೆಟ್ರೋ ನಿಲ್ದಾಣವೇನೋ ಹಳೆಯ ಹೆಸರನ್ನೇ ಹೊತ್ತಿತು. ಆದರೆ ‘ಅಲ್ಸೂರ್ ಲೇಕ್’ ಎಂಬಲ್ಲಿ ಕಳೆದುಹೋದದ್ದು ಎರಡು ಪದ. ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಲೇಕ್ ನಮ್ಮ ಮಾತಿನಲ್ಲಿ ದಡದಲ್ಲಿ ನಿಂತು ನೋಡುವ ನೀರು. ಕೆರೆಯಾದರೋ ಕಟ್ಟಿದ ನೀರು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಆ ಪದದ ಬಳಗ. ಶಾಸನಗಳಲ್ಲಿ ಕೆರೆಗೆಂದೇ ಬಿಟ್ಟ ದತ್ತಿಗೆ ‘ಬಿತ್ತುವಟ್ಟ’ ಎಂಬ ಹೆಸರಿದೆ. ಪದದ ಜೊತೆಗೇ ಹೊಣೆಯೂ ಇತ್ತು.

2016ರ ಮಾರ್ಚಿನಲ್ಲಿ ಇಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅಂದು ಕೆಟ್ಟದ್ದು ನೋಟವಷ್ಟೇ ಅಲ್ಲ ಎನ್ನಲು ಆ ಹಳೆಯ ಪದ ಬೇಕಿತ್ತು.

‘ಹಲಸೂರು ಲೇಕ್’ ಎಂದು ತಿದ್ದಿದರೆ ಅರ್ಧ ಕೆಲಸ. ‘ಹಲಸೂರು ಕೆರೆ’ ಎಂದಾಗಲೇ, ಇದನ್ನು ಕಾಯಬೇಕಾದವರು ಯಾರು ಎಂಬ ಪ್ರಶ್ನೆ ಏಳುತ್ತದೆ.